ಅಂಗಿಯ ಮೇಲಿನ ಹೆಸರು: ಬುಕಾರೆಸ್ಟ್ ಗೆದ್ದ 2015-16ರ ಋತು

ಯುರೋಪಿನ ಮಹಿಳಾ ಹ್ಯಾಂಡ್‌ಬಾಲ್ ಕ್ಲಬ್‌ಗಳ ಅತ್ಯುನ್ನತ ಸ್ಪರ್ಧೆಯಲ್ಲಿ ಗೆದ್ದವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ ಹೋದರೆ ಅದು ಕ್ರೀಡೆಯ ಪಟ್ಟಿಯೆಂದು ಅನ್ನಿಸುವುದೇ ಇಲ್ಲ. ಯಾವುದೋ ಕೈಗಾರಿಕಾ ಸಚಿವಾಲಯದ ವಾರ್ಷಿಕ ವರದಿಯ ಅನುಬಂಧದಂತೆ ಕಾಣುತ್ತದೆ. 1964ರಲ್ಲಿ ಗೆದ್ದ ಬುಕಾರೆಸ್ಟಿನ ರಾಪಿಡ್ ರೈಲ್ವೆ ಕಾರ್ಮಿಕರು ಕಟ್ಟಿದ ಕ್ಲಬ್. 1982ರಲ್ಲಿ ಗೆದ್ದ ಬುಡಾಪೆಸ್ಟಿನ ವಾಶಾಶ್ ಕಬ್ಬಿಣದ ಕೆಲಸಗಾರರ ಸಂಘಕ್ಕೆ ಸೇರಿದ್ದು. 1996ರ ಪೊದ್ರಾವ್ಕಾ ಕ್ರೊಯೇಷಿಯಾದ ಒಂದು ಆಹಾರ ಕಂಪನಿ. ಅದರ ‘ವೆಗೆಟಾ’ ಎಂಬ ಮಸಾಲೆ ಪುಡಿ ಆ ಸೀಮೆಯ ಅಡುಗೆಮನೆಗಳಲ್ಲಿ ನಮ್ಮ ಸಾರಿನ ಪುಡಿಯಷ್ಟೇ ಪರಿಚಿತ. 1999ರ ದುನಾಫೆರ್ ಹಂಗೆರಿಯ ಉಕ್ಕಿನ ಕಾರ್ಖಾನೆ. ಅದಿರುವ ಊರಿಗೆ ಒಂದು ಕಾಲಕ್ಕೆ ಸ್ಟಾಲಿನ್ ನಗರವೆಂದೇ ಹೆಸರಿತ್ತು. ಎಂಟು ಬಾರಿ ಗೆದ್ದ ಆಸ್ಟ್ರಿಯಾದ ಹೈಪೊ, ಒಂದು ಬ್ಯಾಂಕಿನ ಹೆಸರು.

ಈ ಪಟ್ಟಿಯಲ್ಲಿ 2016ರ ಎದುರಿಗೆ ‘ಸಿಎಸ್‌ಎಂ ಬುಕಾರೆಸ್ಟ್’ ಎಂದಿದೆ. ಬಿಡಿಸಿ ಹೇಳುವುದಾದರೆ, ಬುಕಾರೆಸ್ಟ್ ನಗರಾಡಳಿತದ ಕ್ರೀಡಾ ಕ್ಲಬ್. ಬ್ಯಾಂಕಿಲ್ಲ, ಕಾರ್ಖಾನೆಯಿಲ್ಲ, ಅಂಗಿಯ ಹಿಂದೆ ಇದ್ದದ್ದು ನಗರದ ಬೊಕ್ಕಸ. ಆ ಬೊಕ್ಕಸ ಅದೇ ವರ್ಷ ಬೇರೆ ಕಾರಣಗಳಿಗಾಗಿ ಸುದ್ದಿಯಲ್ಲಿತ್ತು. ಈ ಬರಹ ಆ ಒಂದು ಋತುವಿನ ಕುರಿತದ್ದು. ಆದರೆ ಅಲ್ಲಿಗೆ ತಲುಪಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಟದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಒಳಾಂಗಣ. ಒಂದೊಂದು ಪಕ್ಷದಲ್ಲಿ ಏಳು ಮಂದಿ. ಅರ್ಧ ಗಂಟೆಯಂತೆ ಎರಡು ಅವಧಿ. ಚೆಂಡನ್ನು ಕೈಯಿಂದಲೇ ಎಸೆದು ಗೋಲು ಹೊಡೆಯಬೇಕು. ಹಿಡಿದುಕೊಂಡು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ. ಗೋಲಿನ ಮುಂದಿನ ಆರು ಮೀಟರಿನ ವಲಯ ಗೋಲ್‌ಕೀಪರಳ ಸ್ವಂತ ಆಸ್ತಿ. ಬೇರೆ ಯಾರೂ ಅಲ್ಲಿ ಕಾಲಿಡುವ ಹಾಗಿಲ್ಲ, ಆದರೆ ಗೆರೆಯಾಚೆಯಿಂದ ನೆಗೆದು ಗಾಳಿಯಲ್ಲಿದ್ದಾಗಲೇ ಎಸೆಯಬಹುದು. ಈ ಒಂದು ವಿನಾಯಿತಿಯಲ್ಲೇ ಆಟದ ಸೊಗಸೆಲ್ಲ ಅಡಗಿದೆ. ಒಂದು ಪಂದ್ಯದಲ್ಲಿ ಪಕ್ಷವೊಂದಕ್ಕೆ ಇಪ್ಪತ್ತು, ಇಪ್ಪತ್ತೈದು ಗೋಲು ಸಾಮಾನ್ಯ. ಮೈಗೆ ಮೈ ತಾಗಿಸಿ ತಡೆಯುವುದಕ್ಕೆ ಅನುಮತಿ ಇರುವುದರಿಂದ ಇದು ಸುಕುಮಾರ ಆಟವೇನಲ್ಲ. ಹೆಸರಾಂತ ಆಟಗಾರ್ತಿಯರ ಜೀವನಚರಿತ್ರೆಗಳಲ್ಲಿ ಭುಜ ಮತ್ತು ಮೊಣಕಾಲಿನ ಶಸ್ತ್ರಚಿಕಿತ್ಸೆಗಳಿಗೆ ಒಂದು ಅಧ್ಯಾಯ ಇದ್ದೇ ಇರುತ್ತದೆ.

ಯುರೋಪಿಯನ್ ಕಪ್ ಮಹಿಳೆಯರಿಗಾಗಿ ಆರಂಭವಾದದ್ದು 1960-61ರಲ್ಲಿ. ಮೊದಲ ವಿಜೇತರು ಬುಕಾರೆಸ್ಟಿನವರೇ: ‘ಷ್ಟೀಂಟ್ಸಾ’, ಅಂದರೆ ವಿಜ್ಞಾನ ಎಂಬ ಹೆಸರಿನ ವಿದ್ಯಾರ್ಥಿನಿಯರ ತಂಡ. ಮೂರು ವರ್ಷಗಳ ಬಳಿಕ ರೈಲ್ವೆಯ ರಾಪಿಡ್. ನಡುವೆ 1962ರಲ್ಲಿ ರುಮೇನಿಯಾದ ರಾಷ್ಟ್ರೀಯ ತಂಡ ಸ್ವದೇಶದಲ್ಲೇ ವಿಶ್ವ ಚಾಂಪಿಯನ್ ಆಯಿತು. ಈ ಆಟದ ಭವಿಷ್ಯ ರುಮೇನಿಯಾದ ಕೈಯಲ್ಲಿದೆ ಎಂದು ಆಗ ಯಾರಾದರೂ ನಂಬಿದ್ದರೆ ಅವರನ್ನು ದೂರುವಂತಿಲ್ಲ. ಆದರೆ ಮುಂದಿನ ಐವತ್ತೆರಡು ವರ್ಷ ಆ ದೇಶದ ಯಾವ ಕ್ಲಬ್ಬೂ ಈ ಕಪ್ ಎತ್ತಲಿಲ್ಲ.

ಆ ಐವತ್ತೆರಡು ವರ್ಷಗಳ ಮೊದಲರ್ಧ ಒಬ್ಬ ಮನುಷ್ಯನಿಗೆ ಸೇರಿದ್ದು. ಕೀವ್‌ನಲ್ಲಿ ಇಗೊರ್ ತುರ್ಚಿನ್ ಎಂಬ ತರಬೇತುದಾರ ಶಾಲಾ ಹುಡುಗಿಯರನ್ನು ಒಟ್ಟುಗೂಡಿಸಿ ಕಟ್ಟಿದ ಸ್ಪಾರ್ಟಕ್ ತಂಡ 1970ರಿಂದ 1988ರೊಳಗೆ ಹದಿಮೂರು ಬಾರಿ ಯುರೋಪನ್ನು ಗೆದ್ದಿತು. ಅವನ ಪತ್ನಿ ಜಿನೈದಾ ತುರ್ಚಿನಾ ಆ ತಂಡದ ಜೀವಾಳ. ಮಹಿಳಾ ಹ್ಯಾಂಡ್‌ಬಾಲ್ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶಿಸಿದ 1976ರಲ್ಲಿ ಮತ್ತು ಮತ್ತೆ 1980ರಲ್ಲಿ ಚಿನ್ನ ಗೆದ್ದ ಸೋವಿಯತ್ ತಂಡಕ್ಕೂ ತುರ್ಚಿನನೇ ಗುರು. ಸಂಬಳ, ವಸತಿ, ಪ್ರವಾಸ, ಎಲ್ಲವನ್ನೂ ವ್ಯವಸ್ಥೆಯೇ ನೋಡಿಕೊಳ್ಳುತ್ತಿತ್ತು. ಪ್ರತಿಯಾಗಿ ಅದು ಕೇಳಿದ್ದು ಗೆಲುವನ್ನು ಮತ್ತು ವಿಧೇಯತೆಯನ್ನು. ಆ ವ್ಯವಸ್ಥೆ 1991ರಲ್ಲಿ ಕುಸಿಯಿತು. ಎರಡು ವರ್ಷಗಳ ನಂತರ, 1993ರ ನವೆಂಬರ್‌ನಲ್ಲಿ, ತುರ್ಚಿನ್ ಯುರೋಪಿಯನ್ ಪಂದ್ಯವೊಂದರ ವೇಳೆ ಹೃದಯಾಘಾತದಿಂದ ತೀರಿಕೊಂಡ. ಪಂದ್ಯ ನಡೆದ ಊರು ಬುಕಾರೆಸ್ಟ್.

ಸೋವಿಯತ್ ಯುಗದ ಕೊನೆಯಲ್ಲಿ ಸಿಂಹಾಸನ ಆಸ್ಟ್ರಿಯಾಕ್ಕೆ ಸರಿಯಿತು. ಗುನ್ನಾರ್ ಪ್ರೊಕೊಪ್ ಎಂಬ ಹಟವಾದಿ ಯಜಮಾನ ಪೂರ್ವ ಯುರೋಪಿನ ಆಟಗಾರ್ತಿಯರನ್ನು ಕರೆತಂದು, ಆಸ್ಟ್ರಿಯಾದ ಪೌರತ್ವ ಕೊಡಿಸಿ, ಹೈಪೊ ತಂಡವನ್ನು ಕಟ್ಟಿದ. ಈತನ ಸ್ವಭಾವ ತಿಳಿಯಲು ಒಂದು ಪ್ರಸಂಗ ಸಾಕು. 2009ರಲ್ಲಿ ಫ್ರಾನ್ಸಿನ ಮೆಟ್ಜ್ ತಂಡದ ವಿರುದ್ಧ ಪಂದ್ಯದ ಕೊನೆಯ ಕ್ಷಣಗಳಲ್ಲಿ ಎದುರಾಳಿ ಆಟಗಾರ್ತಿ ಗೋಲಿನತ್ತ ಓಡುತ್ತಿದ್ದಾಗ, ಅಂಚಿನಲ್ಲಿ ನಿಂತಿದ್ದ ಪ್ರೊಕೊಪ್ ಸ್ವತಃ ಅಂಗಣಕ್ಕಿಳಿದು ಆಕೆಗೆ ಅಡ್ಡ ನಿಂತ! ದೀರ್ಘ ನಿಷೇಧವೂ ದಂಡವೂ ಬಿದ್ದವು. ಪೋಷಕನೇ ಆಟದೊಳಕ್ಕೆ ಇಳಿದದ್ದು ಅಂದು ಮಾತ್ರ ಕಣ್ಣಿಗೆ ಕಂಡಿತು. ಕಾಣದಂತೆ ಆತ ಯಾವತ್ತೂ ಒಳಗೇ ಇದ್ದ, ಮತ್ತು ಅವನೊಬ್ಬನೇ ಅಲ್ಲ.

ಈಗ ರುಮೇನಿಯಾಕ್ಕೆ ಮರಳೋಣ. 1989ರ ಡಿಸೆಂಬರ್‌ನಲ್ಲಿ ಚೌಶೆಸ್ಕು ಆಳ್ವಿಕೆ ಕೊನೆಗೊಂಡಿತು. ಸರ್ಕಾರಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತ ಬಂದವು; ಅವುಗಳ ನೆರಳಲ್ಲಿದ್ದ ಕ್ಲಬ್‌ಗಳೂ ಸೊರಗಿದವು. ಇದಕ್ಕೆ ದೊಡ್ಡ ಅಪವಾದ ರಿಮ್ನಿಕು ವಿಲ್ಚಾ ಎಂಬ ಊರು. ಅಲ್ಲಿಯ ರಾಸಾಯನಿಕ ಕಾರ್ಖಾನೆ ಓಲ್ಟ್‌ಕಿಮ್. ಅದರ ಮಹಿಳಾ ತಂಡ 1973ರಲ್ಲಿ ‘ಕಿಮಿಸ್ಟುಲ್’ ಎಂಬ ಹೆಸರಿನಲ್ಲಿ ಹುಟ್ಟಿ, ಬಳಿಕ ಕಾರ್ಖಾನೆಯ ಹೆಸರನ್ನೇ ಧರಿಸಿತು. 2010ರಲ್ಲಿ ಓಲ್ಟ್‌ಕಿಮ್ ಚಾಂಪಿಯನ್ಸ್ ಲೀಗಿನ ಫೈನಲ್ ತಲುಪಿ ಡೆನ್ಮಾರ್ಕಿನ ವಿಬೋರ್ಗ್‌ಗೆ ಸೋತಿತು. ಆ ತಂಡದಲ್ಲಿದ್ದ ಕ್ರಿಸ್ಟಿನಾ ನ್ಯಾಗು ಅದೇ ವರ್ಷ ವಿಶ್ವದ ಶ್ರೇಷ್ಠ ಆಟಗಾರ್ತಿಯೆಂದು ಆಯ್ಕೆಯಾದಳು, ವಯಸ್ಸು ಇಪ್ಪತ್ತೆರಡು.

ಇಷ್ಟರಲ್ಲಿ ಕಾರ್ಖಾನೆ ಸಾಲದಲ್ಲಿ ಮುಳುಗಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಮಾರಲು ಹರಾಜು ನಡೆಸಿದಾಗ ಗೆದ್ದವನು ದಾನ್ ದಿಯಾಕೊನೆಸ್ಕು ಎಂಬ ಟಿ.ವಿ. ನಿರೂಪಕ-ರಾಜಕಾರಣಿ. ಹಣ ಎಲ್ಲಿದೆಯೆಂದು ಜನ ಕೇಳತೊಡಗಿದಾಗ ಆತ ಚೀಲಗಳಲ್ಲಿ ನೋಟು ತುಂಬಿಸಿಕೊಂಡು ಸಚಿವಾಲಯದ ಬಾಗಿಲಿಗೆ ಬಂದು ಕ್ಯಾಮೆರಾಗಳಿಗೆ ತೋರಿಸಿದ. ಸರ್ಕಾರಿ ಕಚೇರಿಯಲ್ಲಿ ಎರಡು ದಶಕ ಕಳೆದ ನನಗೆ, ಆ ಚೀಲಗಳಿಗೆ ಯಾವ ನಮೂನೆಯಲ್ಲಿ ರಸೀದಿ ಕೊಡಬೇಕೆಂದು ತಲೆ ಕೆರೆದುಕೊಂಡಿರಬಹುದಾದ ಗುಮಾಸ್ತನ ಮೇಲೆ ಕನಿಕರ ಉಕ್ಕುತ್ತದೆ. ವ್ಯವಹಾರ ಮುರಿದುಬಿತ್ತು. 2013ರ ಆರಂಭದಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅದೇ ವಸಂತದಲ್ಲಿ ತಂಡ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್‌ನಲ್ಲಿತ್ತು! ಬೇಸಿಗೆಯ ಹೊತ್ತಿಗೆ ಅಂಗಿಯ ಮೇಲಿನ ಹೆಸರು ಅಳಿದಿತ್ತು, ತಾರೆಯರು ಚದುರಿದ್ದರು. ನ್ಯಾಗು ಮಾಂಟೆನೆಗ್ರೊದ ರಾಜಧಾನಿ ಪೊದ್ಗೊರಿತ್ಸಾದ ಬುದುಚ್ನೊಸ್ತ್ ಸೇರಿದಳು. ಆ ಹೆಸರಿನ ಅರ್ಥ ‘ಭವಿಷ್ಯ’.

ಗೋಲ್‌ಕೀಪರ್ ಪೌಲಾ ಉಂಗುರ್ಯಾನು ಹಿಡಿದ ದಾರಿ ಇನ್ನೂ ಅರ್ಥಗರ್ಭಿತ. ಆಕೆ ಓಲ್ಟ್‌ಕಿಮ್‌ನಿಂದ ಹೋದದ್ದು ಬಾಯಾ ಮಾರೆ ಎಂಬ ಗಣಿ ಪಟ್ಟಣದ ಪೌರ ತಂಡಕ್ಕೆ, ಅಲ್ಲಿಂದ ಬುಕಾರೆಸ್ಟಿನ ಪೌರ ತಂಡಕ್ಕೆ. ಕಾರ್ಖಾನೆ, ಸಣ್ಣ ಊರಿನ ಪುರಸಭೆ, ರಾಜಧಾನಿಯ ಮಹಾನಗರಾಡಳಿತ: ಒಬ್ಬ ಆಟಗಾರ್ತಿಯ ವೃತ್ತಿಜೀವನದಲ್ಲೇ ಆ ದೇಶದ ಪೋಷಣೆಯ ಇತಿಹಾಸ ಓದಬಹುದು. ಕಾರ್ಖಾನೆ ಬಿಟ್ಟ ಜಾಗಕ್ಕೆ ಪುರಸಭೆ ಬಂದು ನಿಂತಿತ್ತು, ಅಷ್ಟೆ. ಟಿಕೆಟ್ ಮಾರಾಟವಾಗಲೀ ಟಿ.ವಿ. ಹಕ್ಕಾಗಲೀ ಇಷ್ಟು ದೊಡ್ಡ ತಂಡವನ್ನು ಸಾಕಲು ಎಂದೂ ಸಾಲುತ್ತಿರಲಿಲ್ಲ.

ಸಿಎಸ್‌ಎಂ ಬುಕಾರೆಸ್ಟ್ 2007ರಲ್ಲಿ ನಗರಾಡಳಿತ ಸ್ಥಾಪಿಸಿದ ಬಹುಕ್ರೀಡಾ ಕ್ಲಬ್. 2015ರಲ್ಲಿ ಅದರ ಮಹಿಳಾ ಹ್ಯಾಂಡ್‌ಬಾಲ್ ತಂಡ ಮೊದಲ ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು, ಆ ಅರ್ಹತೆಯಿಂದ 2015-16ರ ಚಾಂಪಿಯನ್ಸ್ ಲೀಗಿಗೆ ಮೊದಲ ಬಾರಿ ಕಾಲಿಟ್ಟಿತು. ಹಣ ಬಿಚ್ಚಿ ಖರ್ಚು ಮಾಡಿತು. ಸ್ವೀಡನ್ನಿನ ಇಸಾಬೆಲ್ ಗುಲ್ಡೆನ್ ವಿಬೋರ್ಗ್‌ನಿಂದ ಬಂದಳು, ಆಕೆಯ ದೇಶದವಳೇ ಆದ ಲಿನ್ನೆಯಾ ಟೋರ್ಸ್ಟೆನ್ಸನ್ ಇದ್ದಳು, ಡೆನ್ಮಾರ್ಕಿನವರಿದ್ದರು, ಕ್ರೊಯೇಷಿಯಾದ ಗೋಲ್‌ಕೀಪರ್ ಯೆಲೆನಾ ಗ್ರುಬಿಶಿಚ್ ಇದ್ದಳು.

ಋತು ಆರಂಭವಾಗುವ ಹೊತ್ತಿಗೆ, 2015ರ ಸೆಪ್ಟೆಂಬರ್‌ನಲ್ಲಿ, ಬುಕಾರೆಸ್ಟಿನ ಮೇಯರ್ ಸೊರಿನ್ ಒಪ್ರೆಸ್ಕು ಲಂಚದ ಆರೋಪದ ಮೇಲೆ ಬಂಧಿತರಾದರು. ಎರಡು ತಿಂಗಳೂ ಕಳೆದಿರಲಿಲ್ಲ. ಅಕ್ಟೋಬರ್ 30ರ ರಾತ್ರಿ ನಗರದ ‘ಕೊಲೆಕ್ಟಿವ್’ ಎಂಬ ಸಂಗೀತ ಕ್ಲಬ್ಬಿನಲ್ಲಿ ಬೆಂಕಿ ಹೊತ್ತಿತು. ಸುರಕ್ಷತೆಯ ನಿಯಮಗಳು ಕಾಗದದಲ್ಲಷ್ಟೇ ಇದ್ದ ಕಟ್ಟಡ. ಸತ್ತವರು ಒಟ್ಟು 64 ಮಂದಿ. ಅವರಲ್ಲಿ ಹಲವರು ಸತ್ತದ್ದು ಬೆಂಕಿಯಿಂದಲ್ಲ, ನಂತರ ಆಸ್ಪತ್ರೆಗಳಲ್ಲಿ ತಗುಲಿದ ಸೋಂಕಿನಿಂದ. ‘ಭ್ರಷ್ಟಾಚಾರ ಕೊಲ್ಲುತ್ತದೆ’ ಎಂಬ ಘೋಷಣೆಯೊಂದಿಗೆ ಸಾವಿರಾರು ಜನ ಬೀದಿಗಿಳಿದರು. ನವೆಂಬರ್ 4ರಂದು ಪ್ರಧಾನಿ ವಿಕ್ಟರ್ ಪೊಂಟಾ ರಾಜೀನಾಮೆ ಕೊಟ್ಟರು.

ಇಂಥ ಶರತ್ಕಾಲದಲ್ಲಿ ಆ ನಗರದ ತೆರಿಗೆಯ ಹಣದಿಂದ ಸ್ವೀಡನ್, ಡೆನ್ಮಾರ್ಕಿನ ಆಟಗಾರ್ತಿಯರಿಗೆ ಸಂಬಳ ಕೊಡುವುದು ಸರಿಯೇ? ಕೇಳಬೇಕಾದ ಪ್ರಶ್ನೆಯೇ ಸರಿ, ಅದಕ್ಕೆ ಸುಲಭದ ಉತ್ತರವಿಲ್ಲ. ಅನುದಾನದ ಕಡತಗಳ ಮೇಲೆ ಟಿಪ್ಪಣಿ ಬರೆದೇ ಜೀವನ ಸಾಗಿಸುವ ನನ್ನಂಥವರಿಗೆ ಮೊದಲು ಹೊಳೆಯುವುದು ‘ಉಪಯೋಗಿತಾ ಪ್ರಮಾಣಪತ್ರ’. ಒಂದು ಆಸ್ಪತ್ರೆಯ ಹಾಸಿಗೆಗೆ ಎಷ್ಟು ಖರ್ಚಾಯಿತೆಂದು ಬರೆಯಬಹುದು; ಒಂದು ಗೋಲಿನಿಂದ ನಗರಕ್ಕೆ ಏನು ಲಭಿಸಿತೆಂದು ಯಾವ ಕಲಮಿನಲ್ಲಿ ಬರೆಯುವುದು? ಆದರೆ ಇದೇ ತರ್ಕವನ್ನು ಕೊನೆಯವರೆಗೆ ಎಳೆದರೆ ಹೆಣ್ಣುಮಕ್ಕಳ ಆಟಕ್ಕೆ ಎಲ್ಲಿಯೂ ನೆಲೆಯಿರುವುದಿಲ್ಲ. ನಮ್ಮಲ್ಲೇ ನೋಡಿ: ಪಿ.ಟಿ. ಉಷಾ, ಮಿಥಾಲಿ ರಾಜ್ ಇಬ್ಬರಿಗೂ ಅನ್ನ ಕೊಟ್ಟದ್ದು ರೈಲ್ವೆಯ ನೌಕರಿ. ‘ಕ್ರೀಡಾ ಕೋಟಾ’ ಎಂಬ ಮಾತನ್ನು ಕಚೇರಿಗಳಲ್ಲಿ ಸ್ವಲ್ಪ ವ್ಯಂಗ್ಯವಾಗಿ ಆಡುವವರಿದ್ದಾರೆ. ಆ ಕೋಟಾ ಇಲ್ಲದಿದ್ದರೆ ಎಷ್ಟು ಹೆಣ್ಣುಮಕ್ಕಳು ಇಪ್ಪತ್ತರ ಹರೆಯದಲ್ಲೇ ಬೂಟು ಕಳಚಿಡುತ್ತಿದ್ದರು ಎಂಬ ಲೆಕ್ಕ ಅವರಲ್ಲಿಲ್ಲ. 1964ರ ರಾಪಿಡ್‌ನ ಹುಡುಗಿಯರ ಕಥೆಗೂ ನಮ್ಮ ರೈಲ್ವೆಯ ಹುಡುಗಿಯರ ಕಥೆಗೂ ಹೆಚ್ಚು ದೂರವಿಲ್ಲ.

ಹಾಗೆಂದು ಸಿಎಸ್‌ಎಂ ಅನ್ನು ರಾಪಿಡ್‌ಗೆ ಸಮ ಮಾಡಲಾಗದು. ರಾಪಿಡ್ ತನ್ನ ಊರಿನ ಹುಡುಗಿಯರನ್ನು ಬೆಳೆಸಿತ್ತು. ಸಿಎಸ್‌ಎಂ ಸಿದ್ಧಪಡಿಸಿದ ಅಡುಗೆಯನ್ನು ಕೊಂಡುತಂದಿತು. ನನ್ನ ಆಕ್ಷೇಪ ಇರುವುದು ಖರ್ಚಿನ ಮೇಲಲ್ಲ, ಈ ಅವಸರದ ಮೇಲೆ. ಐವತ್ತೆರಡು ವರ್ಷ ಕಾದವರಿಗೆ ಇನ್ನೈದು ವರ್ಷ ಕಾಯುವ ತಾಳ್ಮೆ ಇರಲಿಲ್ಲವೆಂದರೆ ಅದಕ್ಕೆ ಕಾರಣ ಆಟದಲ್ಲಿಲ್ಲ, ಚುನಾವಣೆಗಳ ಪಂಚಾಂಗದಲ್ಲಿದೆ.

ಋತುವಿನ ನಡುವೆ, ಡಿಸೆಂಬರ್‌ನಲ್ಲಿ, ಡೆನ್ಮಾರ್ಕಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ರುಮೇನಿಯಾ ಮೂರನೆಯ ಸ್ಥಾನದ ಪಂದ್ಯದಲ್ಲಿ ಪೋಲೆಂಡನ್ನು 31-22ರಿಂದ ಸೋಲಿಸಿ ಕಂಚು ಗೆದ್ದಿತು. ನ್ಯಾಗು ಅಲ್ಲಿ ಶ್ರೇಷ್ಠ ಆಟಗಾರ್ತಿ. ಸೋತ ಪೋಲೆಂಡಿನ ತರಬೇತುದಾರ ಡೆನ್ಮಾರ್ಕಿನ ಕಿಮ್ ರಾಸ್ಮುಸೆನ್. ತಾನು ಹುಟ್ಟಿದ ದೇಶದ ನೆಲದಲ್ಲಿ ಆ ಸೋಲನ್ನು ನುಂಗಿದವನು. ಐದು ತಿಂಗಳ ಬಳಿಕ ಬುಡಾಪೆಸ್ಟಿನಲ್ಲಿ ಸಿಎಸ್‌ಎಂ ಬುಕಾರೆಸ್ಟಿನ ಆಟಗಾರ್ತಿಯರಿಗೆ ಸೂಚನೆ ಕೊಡುತ್ತಿದ್ದವನು ಇದೇ ರಾಸ್ಮುಸೆನ್.

ಚಾಂಪಿಯನ್ಸ್ ಲೀಗಿನ ಫೈನಲ್ ಮೊದಲು ಎರಡೂ ತಂಡಗಳ ಊರಿನಲ್ಲಿ ಒಂದೊಂದು ಪಂದ್ಯವಾಗಿ ನಡೆಯುತ್ತಿತ್ತು. 2014ರಿಂದ ಆ ಪದ್ಧತಿ ಬದಲಾಗಿ, ಉಳಿದ ನಾಲ್ಕು ತಂಡಗಳು ಒಂದೇ ವಾರಾಂತ್ಯ, ಒಂದೇ ಅಂಗಣದಲ್ಲಿ ಸೇರುವಂತಾಯಿತು. ಅಂಗಣ ಬುಡಾಪೆಸ್ಟಿನ ಪಾಪ್ ಲಾಸ್ಲೊ ಕ್ರೀಡಾಂಗಣ. ಮೂರು ಒಲಿಂಪಿಕ್ ಚಿನ್ನ ಗೆದ್ದ ಬಾಕ್ಸರನ ಹೆಸರು. 2016ರ ಮೇ 7 ಮತ್ತು 8ರಂದು ಅಲ್ಲಿ ಸೇರಿದ ನಾಲ್ಕು ತಂಡಗಳನ್ನು ನೋಡಿದರೆ ಪೋಷಣೆಯ ನಾಲ್ಕು ಮಾದರಿಗಳ ಪ್ರದರ್ಶನದಂತಿತ್ತು. ಹಂಗೆರಿಯ ಗ್ಯೋರ್ ತಂಡದ ಬೇರು ಅಲ್ಲಿಯ ರೈಲು ಬೋಗಿಗಳ ಕಾರ್ಖಾನೆಯಲ್ಲಿದ್ದರೆ, ಈಗ ಅಂಗಿಯ ಮೇಲಿದ್ದದ್ದು ಅದೇ ಊರಿನಲ್ಲಿ ಎಂಜಿನ್ ತಯಾರಿಸುವ ಔಡಿ. ಮ್ಯಾಸಿಡೋನಿಯಾದ ವರ್ದಾರ್ ತಂಡದ ಹಿಂದೆ ಸೆರ್ಗೈ ಸಮ್ಸೊನೆಂಕೊ ಎಂಬ ರಷ್ಯನ್ ಉದ್ಯಮಿ. ಬುದುಚ್ನೊಸ್ತ್ ಹಿಂದಿನ ವರ್ಷದ ಚಾಂಪಿಯನ್; ಸಣ್ಣ ದೇಶವೊಂದರ ಅಭಿಮಾನದ ಮೇಲೆ ನಿಂತದ್ದು. ನಾಲ್ಕನೆಯದು ಬುಕಾರೆಸ್ಟ್ ನಗರಾಡಳಿತದ್ದು.

ಶನಿವಾರದ ಸೆಮಿಫೈನಲ್‌ಗಳಲ್ಲಿ ಸಿಎಸ್‌ಎಂ ವರ್ದಾರನ್ನು 27-21ರಿಂದ ಸೋಲಿಸಿತು. ಇನ್ನೊಂದರಲ್ಲಿ ಗ್ಯೋರ್ 21-20ರಿಂದ, ಒಂದೇ ಗೋಲಿನಿಂದ, ಬುದುಚ್ನೊಸ್ತನ್ನು ದಾಟಿತು. ಹೀಗಾಗಿ ಬುಕಾರೆಸ್ಟಿನಲ್ಲೇ ಹುಟ್ಟಿದ, ಆ ಪೀಳಿಗೆಯ ಅತ್ಯುತ್ತಮ ರುಮೇನಿಯನ್ ಆಟಗಾರ್ತಿ ನ್ಯಾಗು, ಬುಕಾರೆಸ್ಟ್ ಆಡುವ ಫೈನಲ್‌ನಲ್ಲಿ ಯಾವ ಕಡೆಯೂ ಇರಲಿಲ್ಲ.

ಫೈನಲ್ ಹಂಗೆರಿಯ ತಂಡಕ್ಕೂ ರುಮೇನಿಯಾದ ತಂಡಕ್ಕೂ, ಅದೂ ಬುಡಾಪೆಸ್ಟಿನಲ್ಲಿ. ಮೊದಲ ಮಹಾಯುದ್ಧದ ನಂತರ ಟ್ರಾನ್ಸಿಲ್ವೇನಿಯಾ ಕೈಬದಲಾದ ಮೇಲೆ ಈ ಎರಡು ದೇಶಗಳ ನಡುವೆ ಯಾವ ಪಂದ್ಯವೂ ಬರಿಯ ಪಂದ್ಯವಾಗಿ ಉಳಿದಿಲ್ಲ. ಗ್ಯೋರ್ 2013 ಮತ್ತು 2014ರ ಚಾಂಪಿಯನ್. ಅನಿತಾ ಗೋರ್ಬಿತ್ಸ್, ನಾರ್ವೆಯ ಹೈದಿ ಲೋಕೆ, ಬ್ರೆಜಿಲ್ಲಿನ ಎದುವಾರ್ದಾ ಅಮೊರಿಮ್‌ರಂಥವರು ಅಲ್ಲಿದ್ದರು. ತರಬೇತುದಾರ ಸ್ಪೇನಿನ ಅಂಬ್ರೋಸ್ ಮಾರ್ಟಿನ್. ವಿದೇಶಿಯರನ್ನು ಕೊಂಡುತಂದದ್ದು ಬುಕಾರೆಸ್ಟ್ ಮಾತ್ರವಲ್ಲ ಎಂಬುದನ್ನು ಇಲ್ಲಿ ನೆನೆಯುವುದು ನ್ಯಾಯ.

ಅರವತ್ತು ನಿಮಿಷ ಮುಗಿದಾಗ 22-22. ಐದೈದು ನಿಮಿಷಗಳ ಎರಡು ಹೆಚ್ಚುವರಿ ಅವಧಿಗಳ ನಂತರ 25-25. ಕೊನೆಗೆ ಏಳು ಮೀಟರಿನ ಎಸೆತಗಳು. ಈ ಎಸೆತದ ಕ್ರೌರ್ಯ ಫುಟ್‌ಬಾಲಿನ ಪೆನಾಲ್ಟಿಗಿಂತ ಬೇರೆ ಬಗೆಯದು. ಫುಟ್‌ಬಾಲಿನಲ್ಲಿ ಗೋಲ್‌ಕೀಪರ್ ಊಹೆಯ ಮೇಲೆ ಒಂದು ಪಕ್ಕಕ್ಕೆ ಹಾರುತ್ತಾನೆ. ಇಲ್ಲಿ ಆಕೆ ಗೋಲು ಬಿಟ್ಟು ಮೂರು ಮೀಟರ್ ಮುಂದೆ ಬಂದು, ಕೈಕಾಲು ಅಗಲಿಸಿ, ಎಸೆಯುವವಳ ಕಣ್ಣಿಗೆ ಕಣ್ಣಿಟ್ಟು ನಿಲ್ಲಬಹುದು. ಎಸೆಯುವವಳು ಒಂದು ಕಾಲನ್ನು ನೆಲದಿಂದ ಕೀಳದೆ, ಕೈಯನ್ನು ಬೀಸಿದಂತೆ ಮಾಡಿ ತಡೆದು, ಮತ್ತೆ ಬೀಸಿ, ಆ ಗೋಡೆಯಲ್ಲಿ ಬಿರುಕು ಹುಡುಕಬೇಕು. ಎಲ್ಲವೂ ಮೂರೇ ಸೆಕೆಂಡಿನೊಳಗೆ. ಬುಕಾರೆಸ್ಟಿನವರು ನಾಲ್ಕು ಎಸೆತ ಗೋಲಾಗಿಸಿದರು. ಗ್ಯೋರ್‌ಗೆ ದಕ್ಕಿದ್ದು ಒಂದೇ. ಒಟ್ಟು 29-26. ಬಹುಪಾಲು ಹಂಗೆರಿಯನ್ನರಿಂದ ತುಂಬಿದ್ದ ಆ ಸಭಾಂಗಣದಲ್ಲಿ ಮೊದಲ ಪ್ರವೇಶದಲ್ಲೇ ಸಿಎಸ್‌ಎಂ ಯುರೋಪಿನ ಚಾಂಪಿಯನ್ ಆಯಿತು. ಇಡೀ ಋತುವಿನಲ್ಲಿ 108 ಗೋಲು ಹೊಡೆದ ಗುಲ್ಡೆನ್ ಸ್ಪರ್ಧೆಯ ಅಗ್ರ ಸ್ಕೋರರ್. ಮೂವತ್ತೈದು ದಾಟಿದ್ದ ಉಂಗುರ್ಯಾನು, ಮೂರನೆಯ ಪೋಷಕನ ಅಂಗಿಯಲ್ಲಿ, ಕೊನೆಗೂ ಕಪ್ ಮುಟ್ಟಿದಳು.

ನಾಲ್ಕು ವಾರಗಳ ನಂತರ, ಜೂನ್ 5ರಂದು, ರುಮೇನಿಯಾದಲ್ಲಿ ಸ್ಥಳೀಯ ಚುನಾವಣೆಗಳು. ಬುಕಾರೆಸ್ಟಿನಲ್ಲಿ ಗೆದ್ದ ಗೇಬ್ರಿಯೆಲಾ ಫಿರ್ಯಾ ಆ ನಗರದ ಮೊದಲ ಮಹಿಳಾ ಮೇಯರ್ ಆದರು. ಸಿಎಸ್‌ಎಂಗೆ ಹಣ ನಿಲ್ಲಲಿಲ್ಲ. 2017ರಲ್ಲಿ ನ್ಯಾಗು ತನ್ನ ಊರಿಗೆ ಮರಳಿ ಆ ಅಂಗಿಯನ್ನೇ ತೊಟ್ಟಳು. ಕಪ್ ಮಾತ್ರ ಆಕೆಯ ಜೊತೆ ಬರಲಿಲ್ಲ. 2017, 2018, 2019, ಮೂರು ವರ್ಷವೂ ಅದು ಗ್ಯೋರ್‌ಗೆ ಸೇರಿತು.

ಬಾಯಾ ಮಾರೆಯ ಕಥೆ ಬೇರೆ. ಉಂಗುರ್ಯಾನು ಬಿಟ್ಟು ಬಂದ ಆ ಪೌರ ತಂಡವೂ ರಾಷ್ಟ್ರೀಯ ಚಾಂಪಿಯನ್ ಆಗಿ ಇದೇ ಚಾಂಪಿಯನ್ಸ್ ಲೀಗಿನಲ್ಲಿ ಆಡಿತ್ತು. 2016ರ ವಸಂತದಲ್ಲಿ ಆ ಊರಿನ ಮೇಯರ್ ಕೂಡ ಲಂಚದ ಆರೋಪದಲ್ಲಿ ಬಂಧಿತರಾದರು. ಬಂಧನದಲ್ಲಿದ್ದುಕೊಂಡೇ ಜೂನ್ ಚುನಾವಣೆಯಲ್ಲಿ ಭಾರೀ ಬಹುಮತದಿಂದ ಮರು ಆಯ್ಕೆಯಾದರು. ಮತದಾರರು ಮೇಯರ್‌ನನ್ನು ಉಳಿಸಿಕೊಂಡರು. ತಂಡ ಉಳಿಯಲಿಲ್ಲ, ಆ ಬೇಸಿಗೆಯಲ್ಲೇ ಹಣವಿಲ್ಲದೆ ಕಣ್ಮುಚ್ಚಿತು.

ಇದೆಲ್ಲ ಪೂರ್ವ ಯುರೋಪಿನ ರೋಗ, ಸುವ್ಯವಸ್ಥಿತ ದೇಶಗಳಲ್ಲಿ ಹೀಗಾಗುವುದಿಲ್ಲ ಎಂದು ಹೇಳುವವರಿದ್ದಾರೆ. ನಾರ್ವೆಯ ವೈಪರ್ಸ್ ಕ್ರಿಸ್ಟಿಯಾನ್‌ಸಾಂಡ್ 2021, 2022, 2023ರಲ್ಲಿ ಸತತ ಮೂರು ಬಾರಿ ಚಾಂಪಿಯನ್ಸ್ ಲೀಗ್ ಗೆದ್ದಿತು. 2025ರ ಜನವರಿಯಲ್ಲಿ, ಋತುವಿನ ನಟ್ಟನಡುವೆ, ಆ ಕ್ಲಬ್ ದಿವಾಳಿಯಾಯಿತು. ಆಟಗಾರ್ತಿಯರು ಚೀಲ ಕಟ್ಟಿಕೊಂಡು ಬೇರೆ ಬೇರೆ ಊರುಗಳ ಅಂಗಿ ಹುಡುಕುತ್ತ ಹೊರಟರು.